ಒಂದು ವರ್ಷ, ನಾಲ್ಕು ಬದುಕು

‘ನಿವೃತ್ತಿಯ ನಂತರ ಜೀವನಚರಿತ್ರೆಗಳನ್ನಷ್ಟೇ ಓದುತ್ತಿದ್ದೇನೆ. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಮಗಳು ಅದು ಇತಿಹಾಸವಲ್ಲ, ವ್ಯಕ್ತಿಪೂಜೆ ಎನ್ನುತ್ತಾಳೆ. ಯಾರ ಮಾತು ಸರಿ?’
– ಡೊಂಬಿವಲಿಯ ಓದುಗರೊಬ್ಬರು

ಪ್ರಿಯ ಓದುಗರೇ,

ಒಬ್ಬರ ಚರಿತ್ರೆಯನ್ನು ಓದಿ ಕೈಮುಗಿದು ಎತ್ತಿಟ್ಟರೆ ನಿಮ್ಮ ಮಗಳ ಮಾತು ಸರಿ. ಒಂದೇ ಊರಿನಲ್ಲಿ ಒಂದೇ ಕಾಲಕ್ಕೆ ಬಾಳಿದ ಮೂರು ನಾಲ್ಕು ಮಂದಿಯನ್ನು ಒಟ್ಟಿಗೆ ಓದಿದರೆ ನೀವು ಓದುತ್ತಿರುವುದು ಇತಿಹಾಸವನ್ನೇ.

1897ರ ಪುಣೆಯನ್ನು ನೋಡಿ. ಹಿಂದಿನ ವರ್ಷ ನಮ್ಮ ಮುಂಬಯಿಯ ಮಾಂಡವಿಯಲ್ಲಿ ಕಾಣಿಸಿಕೊಂಡ ಪ್ಲೇಗ್ ಅಲ್ಲಿಗೂ ಹಬ್ಬಿತ್ತು. ಕಾಯಿಲೆ ಬಿದ್ದ ಹುಡುಗನೊಬ್ಬನನ್ನು ಮಗ ಯಶವಂತರ ಚಿಕಿತ್ಸಾಲಯಕ್ಕೆ ಹೊತ್ತು ತಂದ ಸಾವಿತ್ರಿಬಾಯಿ ಫುಲೆ ತಾವೇ ಸೋಂಕಿಗೆ ಸಿಕ್ಕಿ ಮಾರ್ಚ್ 10ರಂದು ತೀರಿಕೊಂಡರು. ತಿಲಕರ ಚರಿತ್ರೆಯಲ್ಲಿ ಅದೇ ವರ್ಷವೆಂದರೆ ಪ್ಲೇಗ್ ರೋಗಿಗಳನ್ನು ಹುಡುಕಲು ಸೈನಿಕರು ಮನೆಮನೆಗೆ ನುಗ್ಗಿ ನಡೆಸಿದ ತಪಾಸಣೆ, ಅವರ ಪತ್ರಿಕೆ ‘ಕೇಸರಿ’ಯ ಬರಹಗಳು, ರಾಜದ್ರೋಹದ ಮೊಕದ್ದಮೆ, 18 ತಿಂಗಳ ಸಜೆ. ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಜೂನ್ 22ರ ರಾತ್ರಿ ಗುಂಡು ಹಾರಿಸಿದ ದಾಮೋದರ ಚಾಪೇಕರ್ ಜೈಲಿನಲ್ಲೇ ಆತ್ಮಕಥೆ ಬರೆದು, ಮರುವರ್ಷ ಗಲ್ಲಿಗೇರಿದರು.

ಗೋಖಲೆಯವರ ಕಥೆ ನನ್ನನ್ನು ಹೆಚ್ಚು ಕಾಡುತ್ತದೆ. ಇಂಗ್ಲೆಂಡಿನಲ್ಲಿದ್ದ ಅವರು ಪುಣೆಯಿಂದ ಬಂದ ಪತ್ರಗಳನ್ನು ನಂಬಿ ಸೈನಿಕರ ಮೇಲೆ ಗಂಭೀರ ಆರೋಪ ಮಾಡಿದರು. ಮರಳಿದಾಗ ಸಾಕ್ಷ್ಯ ಒದಗಿಸಲಾಗಲಿಲ್ಲ. ಬಹಿರಂಗವಾಗಿ ಕ್ಷಮೆ ಕೇಳಿದರು, ಪತ್ರ ಬರೆದವರ ಹೆಸರನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅದು ಹೇಡಿತನವೋ ಪ್ರಾಮಾಣಿಕತೆಯೋ? ಪುಣೆಯಲ್ಲಿ ಅಂದು ಎಷ್ಟೋ ಮಂದಿ ಅವರನ್ನು ಹಳಿದರು. ಅವರ ಅಭಿಮಾನಿಗಳಿಗೆ ಅದೇ ಹಿರಿಮೆಯಾಗಿ ಕಂಡಿತು. ಜನ ತಮ್ಮ ಮೇಲಾದ ದೌರ್ಜನ್ಯಕ್ಕೆ ಸಾಕ್ಷಿ ಹೇಳಲು ಏಕೆ ಮುಂದೆ ಬರಲಿಲ್ಲ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ತಿಲಕರೊಬ್ಬರನ್ನೇ ಓದಿದವರಿಗೆ ಈ ಪ್ರಶ್ನೆ ಹೊಳೆಯುವುದು ಕಷ್ಟ.

ವ್ಯಕ್ತಿಪೂಜೆಯ ಭಯವಿದ್ದರೆ ಶಿಷ್ಯರು ಬರೆದದ್ದರ ಜೊತೆಗೆ ಮನೆಯವರು ಬರೆದದ್ದನ್ನೂ ಹುಡುಕಿ. ವಿಧವಾ ವಿವಾಹದ ಪರ ನಿಂತ ನ್ಯಾಯಮೂರ್ತಿ ರಾನಡೆ, 1873ರಲ್ಲಿ ಮೊದಲ ಪತ್ನಿ ತೀರಿಕೊಂಡಾಗ ತಂದೆಯ ಒತ್ತಾಯಕ್ಕೆ ಮಣಿದು 11ರ ಬಾಲಕಿಯನ್ನು ಮದುವೆಯಾದರು. ಆ ಬಾಲಕಿ, ರಮಾಬಾಯಿ, 1910ರಲ್ಲಿ ತಮ್ಮ ಸಂಸಾರದ ನೆನಪುಗಳನ್ನು ಮರಾಠಿಯಲ್ಲಿ ಪ್ರಕಟಿಸಿದರು. ಗಂಡನ ಮೇಲೆ ಅಪಾರ ಗೌರವವಿರುವ ಪುಸ್ತಕವದು. ಆದರೂ ಸುಧಾರಕನ ಮನೆಯೊಳಗೆ ಸುಧಾರಣೆ ಎಷ್ಟು ಕಷ್ಟವಾಗಿತ್ತೆಂಬುದು ಅಲ್ಲಿ ತಿಳಿದಂತೆ ಸಭೆಗಳ ವರದಿಯಲ್ಲಿ ತಿಳಿಯದು. ಮಗಳಿಗೂ ಓದಲು ಕೊಡಿ.

ಆದರೆ ಪ್ಲೇಗಿಗೆ ಹೆದರಿ ಮುಂಬಯಿ ಬಿಟ್ಟು ಹೋದ ಸಾವಿರಾರು ಗಿರಣಿ ಕಾರ್ಮಿಕರ ಜೀವನಚರಿತ್ರೆಯನ್ನು ಯಾರೂ ಬರೆಯಲಿಲ್ಲ. ಅವರಿಗಾಗಿ ಮಗಳ ಕಪಾಟಿಗೇ ಕೈಹಾಕಬೇಕು. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕಲಿತ ನಮ್ಮ ಮುಂಬಯಿ ಕನ್ನಡಿಗರಲ್ಲೂ ಬಹುಪಾಲು ಮಂದಿಯ ಬದುಕು ಬರಹಕ್ಕೆ ಬಂದಿಲ್ಲ. ನಿಮ್ಮ ಪರಿಚಯದಲ್ಲಿ ಅಂಥ ಹಿರಿಯರಿದ್ದರೆ ಅವರನ್ನು ಮಾತನಾಡಿಸಿ, ಇಸವಿ ಮತ್ತು ಸ್ಥಳಗಳನ್ನು ಸರಿಯಾಗಿ ಕೇಳಿ ಬರೆದು ಕಳುಹಿಸಿ. ಈ ಪುಟಗಳಲ್ಲಿ ಅದಕ್ಕೆ ಜಾಗವಿದೆ.

– ಸಂಪಾದಕ