ಟ್ಯಾರೋದಲ್ಲಿ ಹೌದು-ಇಲ್ಲ ಕೇಳಿದ್ರೆ ಒಂದೇ ಕಾರ್ಡಿಗೆ ಎರಡು ಉತ್ತರ ಯಾಕೆ?

ನಿಮ್ ಪ್ರಶ್ನೆ ಓದಿದೆ. ‘ಈಗಿರೋ ಕೆಲಸ ಬಿಡ್ಲಾ’ ಅಂತ ಕೇಳಿ ಟ್ಯಾರೋ (ಚಿತ್ರದ ಕಾರ್ಡ್ ತೆಗೆದು ಉತ್ತರ ಹುಡುಕೋದು) ಕಟ್ಟಿಂದ ಒಂದು ಕಾರ್ಡ್ ತೆಗೆದ್ರಿ, ಏಟ್ ಆಫ್ ಕಪ್ಸ್, ಅಂದ್ರೆ ಎಂಟು ಬಟ್ಟಲಿನ ಕಾರ್ಡ್ ಬಂತು, ನೆಟ್ಟಲ್ಲಿ ಯಾವ ಕಾರ್ಡಿಗೆ ಹೌದು ಯಾವುದಕ್ಕೆ ಇಲ್ಲ ಅಂತ ಹಾಕಿರೋ ಲಿಸ್ಟ್ ನೋಡಿದ್ರೆ ಒಂದ್ ಕಡೆ ಅದಕ್ಕೆ ‘ಇಲ್ಲ’ ಅಂತಿದೆ ಇನ್ನೊಂದ್ ಕಡೆ ‘ಹೌದು’ ಅಂತಿದೆ, ಯಾವ್ದನ್ನ ನಂಬೋದು ಅಂತ ಕೇಳಿದೀರಿ. ಎರಡೂ ಲಿಸ್ಟನ್ನ ಪಕ್ಕಕ್ಕಿಟ್ಟು ಮೊದ್ಲು ಆ ಕಾರ್ಡನ್ನ ಕೈಲಿ ಹಿಡ್ಕೊಂಡು ನೋಡಿ. ಮುಂದೆ ಎಂಟು ಬಟ್ಟಲು ಜೋಡಿಸಿದೆ, ಕೆಳಗೆ ಐದು ಮೇಲೆ ಮೂರು, ಹಿಂದೆ ಕೆಂಪು ಬಟ್ಟೆ ಹೊದ್ಕೊಂಡಿರೋನು ಒಬ್ಬ ಕೋಲು ಹಿಡ್ಕೊಂಡು ನಮಗೆ ಬೆನ್ನು ಹಾಕಿ ಬೆಟ್ಟದ ಕಡೆ ಹೋಗ್ತಿದಾನೆ, ಮೇಲೆ ಚಂದ್ರ. ಅವನು ಬಿಟ್ಟು ಹೋಗ್ತಿರೋನು. ನೀವು ‘ಬಿಡ್ಲಾ’ ಅಂತ ಕೇಳಿದ್ರೆ ಇದು ‘ಹೌದು’. ‘ಇಲ್ಲೇ ಇರ್ಲಾ’ ಅಂತ ಕೇಳಿದ್ರೆ ಇದೇ ಕಾರ್ಡು ‘ಇಲ್ಲ’. ಲಿಸ್ಟ್ ಮಾಡೋರು ನಿಮ್ ಪ್ರಶ್ನೆ ನೋಡಿರಲ್ಲ, ಚಿತ್ರದಲ್ಲಿ ಸ್ವಲ್ಪ ಬೇಜಾರು ಕಂಡ್ರೆ ‘ಇಲ್ಲ’ ಅಂತ ಹಾಕ್ಬಿಡ್ತಾರೆ, ಅದಕ್ಕೇ ನಿಮಗೆ ಈ ಗೊಂದಲ ಆಗಿರೋದು.

ಕಾರ್ಡಿನ ಮೇಲೆ ಎಲ್ಲೂ ಹೌದು-ಇಲ್ಲ ಬರೆದಿಲ್ಲ ಅನ್ನೋದು ನೆನಪಿರ್ಲಿ. ಇದು ಮೂಲದಲ್ಲಿ ಆಡೋ ಎಲೆ, 15ನೇ ಶತಮಾನದಲ್ಲಿ ಇಟಲಿ ಕಡೆ ಆಟಕ್ಕೇ ಅಂತ ಮಾಡಿದ್ದು, ಭವಿಷ್ಯ ಕೇಳೋದು ಜೋರಾಗಿದ್ದು 18ನೇ ಶತಮಾನದ ಫ್ರಾನ್ಸ್‌ನಲ್ಲಿ. ಇವತ್ತು ನಾವೆಲ್ಲ ಇಟ್ಕೊಂಡಿರೋ ಚಿತ್ರಗಳು 1909ರಲ್ಲಿ ಲಂಡನ್‌ನಲ್ಲಿ ಬಂದಿದ್ದು, ಪಮೇಲಾ ಕೋಲ್ಮನ್ ಸ್ಮಿತ್ ಅಂತ ಹೆಂಗಸು ಬರೆದಿದ್ದು. 78 ಚಿತ್ರ ಇದೆ, ಅಷ್ಟೇ. ಯಾವುದು ಹೌದು ಯಾವುದು ಇಲ್ಲ ಅನ್ನೋದನ್ನ ಕೇಳೋರು ಕೇಳೋಕ್ಕೂ ಮುಂಚೆನೇ ಗೊತ್ತು ಮಾಡ್ಕೋಬೇಕು.

ಇದು ನಮಗೇನು ಹೊಸದಲ್ಲ ರೀ. ನಮ್ ಅಜ್ಜಿ ತುಮಕೂರು ಕಡೆ ಊರಲ್ಲಿ ದೇವಸ್ಥಾನಕ್ಕೆ ಹೂ ಪ್ರಸಾದ ಕೇಳೋಕೆ ಹೋಗೋರು, ನಾನು ಚಿಕ್ಕೋಳಿದ್ದಾಗ ಜೊತೇಲಿ ಹೋಗಿ ಕೂತ್ಕೊಂಡಿರ್ತಿದ್ದೆ. ಪೂಜಾರಪ್ಪ ದೇವರ ಮೇಲೆ ಹೂ ಏರಿಸಿ, ‘ಏನ್ ಕೇಳ್ಬೇಕೋ ಬಿಡಿಸಿ ಹೇಳಮ್ಮ’ ಅನ್ನೋನು. ಅಜ್ಜಿ ಕೈ ಮುಗಿದು, ‘ತಾಯಿ, ಈ ಸಂಬಂಧ ಒಪ್ಕೊಳ್ಳೋದಾದ್ರೆ ಬಲಗಡೆ ಕೊಡು, ಬೇಡ ಅಂದ್ರೆ ಎಡಗಡೆ ಕೊಡು’ ಅನ್ನೋರು. ಒಂದೇ ವಿಷಯ, ಷರತ್ತು ಮೊದಲು, ಹೂ ಬೀಳೋದು ಆಮೇಲೆ. ಕೆಲವು ಸಲ ಅರ್ಧ ಗಂಟೆ ಆದ್ರೂ ಹೂ ಬೀಳ್ತಿರ್ಲಿಲ್ಲ, ಅವಾಗ ಅಜ್ಜಿ ‘ಇವತ್ತು ಅಪ್ಪಣೆ ಇಲ್ಲ’ ಅಂತ ಎದ್ದು ಬರೋರು, ಇನ್ನೊಂದ್ ಸಲ ಏರಿಸಿ ಅಂತ ಕೇಳ್ತಿರ್ಲಿಲ್ಲ. ಟ್ಯಾರೋ ಡೆಕ್ ಹಿಡಿದು ಏಳೆಂಟು ವರ್ಷ ಆಯ್ತು ನನಗೆ, ಇವತ್ತಿಗೂ ಅಜ್ಜಿ ಕ್ರಮನೇ ಮಾಡೋದು.

ಅದನ್ನ ಕಲಿತಿದ್ದು ಮಾತ್ರ ಪೆಟ್ಟು ತಿಂದು. ಬೆಂಗಳೂರಿನ ನಾಗರಭಾವಿಲಿ ಒಂದು ಮನೆ ಲೀಸಿಗೆ ನೋಡಿದ್ವಿ, 12 ಲಕ್ಷ, ಮೂರು ವರ್ಷಕ್ಕೆ. ಗಾಳಿ ಬೆಳಕು ಚೆನ್ನಾಗಿತ್ತು, ನೀರಿನ ತೊಂದರೆ ಇಲ್ಲ, ನನಗೆ ತುಂಬಾ ಇಷ್ಟ ಆಗೋಗಿತ್ತು. ರಾತ್ರಿ ಕೂತು ‘ತಗೊಳ್ಳೋಣ್ವಾ’ ಅಂತ ಕೇಳಿ ತೆಗೆದೆ, ಸೆವೆನ್ ಆಫ್ ಸೋರ್ಡ್ಸ್ ಬಂತು. ಗುಡಾರಗಳಿಂದ ಒಬ್ಬ ಐದು ಕತ್ತಿ ಬಾಚ್ಕೊಂಡು ತುದಿಗಾಲಲ್ಲಿ ಹೋಗ್ತಿದಾನೆ, ಎರಡು ಕತ್ತಿ ಅಲ್ಲೇ ನೆಟ್ಟಿದೆ, ಯಾರಾದ್ರೂ ನೋಡಿದ್ರಾ ಅಂತ ಕತ್ತು ತಿರುಗಿಸ್ತಿದಾನೆ. ಮನಸ್ಸಿಗೆ ಹಿಡಿಸ್ಲಿಲ್ಲ, ಕಲೆಸಿ ಇನ್ನೊಂದು ತೆಗೆದೆ, ಟೂ ಆಫ್ ಸೋರ್ಡ್ಸ್, ಕಣ್ಣಿಗೆ ಬಟ್ಟೆ ಕಟ್ಕೊಂಡು ಕೂತಿರೋ ಹೆಂಗಸು. ಅದೂ ಬೇಡ ಅಂತ ಮೂರನೇದು ತೆಗೆದೆ, ಟೆನ್ ಆಫ್ ಕಪ್ಸ್, ಕಾಮನಬಿಲ್ಲು, ಗಂಡ ಹೆಂಡ್ತಿ, ಕುಣಿಯೋ ಇಬ್ಬರು ಮಕ್ಕಳು, ದೂರದಲ್ಲಿ ಮನೆ. ಮಾರನೇ ದಿನ ಹೋಗಿ 50 ಸಾವಿರ ಟೋಕನ್ ಕೊಟ್ವಿ.

ಆದ್ರೆ ಆ ಕತ್ತು ತಿರುಗಿಸಿದ ಮುಖ ತಲೆಯಿಂದ ಹೋಗ್ಲೇ ಇಲ್ಲ. ಎರಡು ದಿನ ಬಿಟ್ಟು ಇಸಿ (ಮನೆ ಮೇಲೆ ಸಾಲ, ಅಡಮಾನ ಇದೆಯಾ ಅಂತ ತೋರಿಸೋ ಪತ್ರ) ತೆಗೆಸಿ ನೋಡಿದ್ರೆ ಮನೆ ಮೇಲೆ ಬ್ಯಾಂಕಿನ ಸಾಲ ಇದೆ, ಓನರ್ ನಮಗೆ ಒಂದು ಮಾತೂ ಹೇಳಿರ್ಲಿಲ್ಲ. ಅವರು ಕಂತು ಕಟ್ಟದೆ ಬ್ಯಾಂಕಿನೋರು ಮನೆ ಹಿಡ್ಕೊಂಡಿದ್ರೆ ನಮ್ 12 ಲಕ್ಷಕ್ಕೆ ನಾವು ಎಲ್ಲಿ ಅಲೀಬೇಕಿತ್ತು ಹೇಳಿ. ಟೋಕನ್ ವಾಪಸ್ ಬರೋಕೆ ಎರಡು ತಿಂಗಳು ಬೆನ್ನು ಹತ್ತಬೇಕಾಯ್ತು. ಸಾಲದ ವಿಷಯ ಕಾರ್ಡಿಗೆ ಗೊತ್ತಿತ್ತು ಅಂತ ನಾನು ಹೇಳಲ್ಲ. ಮನೆ ಪೇಪರ್ ಕೇಳ್ದಾಗೆಲ್ಲ ‘ಕೊಡೋಣ ಕೊಡೋಣ’ ಅಂತ ಆಯಪ್ಪ ಮಾತು ತೇಲಿಸ್ತಿದ್ದಿದ್ದು ನನಗೆ ಮೊದ್ಲಿಂದನೂ ಚುಚ್ತಿತ್ತು, ಮನೆ ಆಸೇಲಿ ಅದನ್ನ ಒಳಗೆ ಅದುಮಿಟ್ಟಿದ್ದೆ, ಆ ಚಿತ್ರ ಅದನ್ನ ಎತ್ತಿ ಕಣ್ಮುಂದೆ ಇಟ್ಟಿತ್ತು. ಇನ್ನೆರಡು ಕಾರ್ಡ್ ತೆಗೆದು ನಾನೇ ಅದನ್ನ ಮುಚ್ಚಿಬಿಟ್ಟೆ. ಹೌದು-ಇಲ್ಲ ಅರ್ಧ ಅರ್ಧ ಅಂತ ಇಟ್ಕೊಂಡ್ರೆ ಮೂರು ಸಲ ತೆಗೆದಾಗ ಒಂದ್ಸಲನಾದ್ರೂ ‘ಹೌದು’ ಬರೋ ಸಾಧ್ಯತೆ 8ರಲ್ಲಿ 7. ಬೇಕಾದ ಉತ್ತರ ಬರೋವರೆಗೂ ತೆಗೀತಾ ಹೋದ್ರೆ ಬಂದೇ ಬರುತ್ತೆ, ಅದನ್ನ ಉತ್ತರ ಅನ್ನೋಕಾಗಲ್ಲ.

ಇನ್ನೊಂದು ವಿಷಯ, ಇದನ್ನ ಹೊಸಬರಿಗೆ ಯಾರೂ ಹೇಳಲ್ಲ. ನೆಟ್ಟಗೆ ಬಂದ್ರೆ ಹೌದು ತಲೆಕೆಳಗಾದ್ರೆ ಇಲ್ಲ, ಈ ಲೆಕ್ಕ ತುಂಬಾ ಜನ ಇಟ್ಕೊಂಡಿರ್ತಾರೆ. ನನ್ನ ಗೆಳತಿಗೆ ಹೊಸ ಡೆಕ್ ತಗೊಂಡ ಮೊದಲ ವಾರ ಏನ್ ಕೇಳಿದ್ರೂ ಬರೀ ಹೌದು, ಹೌದು, ಹೌದು. ಪಾಪ ಖುಷಿಯಾಗಿ ಫೋನ್ ಮಾಡಿದ್ಲು. ಹೋಗಿ ನೋಡಿದ್ರೆ ರಮ್ಮಿ ಎಲೆ ಕಲೆಸೋ ಥರ ಕೈಯಲ್ಲೇ ಕಲೆಸ್ತಿದಾಳೆ. ಡಬ್ಬಿಯಿಂದ ಬರೋವಾಗ 78 ಕಾರ್ಡೂ ಒಂದೇ ದಿಕ್ಕಿಗಿರುತ್ತೆ, ಹಾಗೆ ಕಲೆಸಿದ್ರೆ ಜಾಗ ಬದಲಾಗುತ್ತೆ ಹೊರತು ಒಂದೂ ತಲೆಕೆಳಗಾಗಲ್ಲ, ‘ಇಲ್ಲ’ ಬರೋಕೆ ದಾರಿನೇ ಇಲ್ಲ. ನೆಲದ ಮೇಲೆ ಒಂದು ಬಟ್ಟೆ ಹಾಸಿ, ಎಲ್ಲಾ ಕಾರ್ಡ್ ಕವುಚಿ ಹರಡಿ, ಎರಡೂ ಅಂಗೈಯಲ್ಲಿ ರಾಗಿ ಹರಡೋ ಥರ ಸುತ್ತ ತಿರುಗಿಸಿ ಆಮೇಲೆ ಒಟ್ಟು ಮಾಡ್ಬೇಕು. ಈ ಕಾರ್ಡುಗಳು ಇಸ್ಪೀಟ್ ಎಲೆಗಿಂತ ದೊಡ್ಡವು ಬೇರೆ, ನೆಲದ ಮೇಲೆ ಕಲೆಸೋದೇ ಕೈಗೂ ಸುಲಭ.

ನಾನು ತಲೆಕೆಳಗಿನ ಲೆಕ್ಕ ಬಿಟ್ಟು ತುಂಬಾ ದಿನ ಆಯ್ತು, ಚಿತ್ರದಲ್ಲಿರೋರು ಏನ್ ಮಾಡ್ತಿದಾರೆ ಅನ್ನೋದನ್ನೇ ನೋಡ್ತೀನಿ. ಒಂದು ನೋಟ್‌ಬುಕ್ ಇದೆ, ಕಲೆಸೋಕೆ ಮುಂಚೆ ತಾರೀಕು, ಪ್ರಶ್ನೆ, ಎಂಥ ಕಾರ್ಡ್ ಬಂದ್ರೆ ಹೌದು ಎಂಥದ್ದು ಬಂದ್ರೆ ಇಲ್ಲ ಅಂತ ಬರೀತೀನಿ. ಟೂ ಆಫ್ ಸೋರ್ಡ್ಸ್, ಹ್ಯಾಂಗ್ಡ್ ಮ್ಯಾನ್ (ತಲೆಕೆಳಗಾಗಿ ನೇತಾಡ್ತಿರೋನು), ಮೂನ್ (ಚಂದ್ರ) ಈ ಮೂರರಲ್ಲಿ ಯಾವುದು ಬಂದ್ರೂ ಹೂ ಬೀಳ್ಲಿಲ್ಲ ಅಂತ ಅರ್ಥ, ಒಂದು ತಿಂಗಳು ಆ ವಿಷಯ ಎತ್ತಲ್ಲ. ‘ಮಾಡ್ಲಾ’ ಅನ್ನೋ ಪ್ರಶ್ನೆ ಕೇಳ್ತೀನಿ, ‘ಆಗುತ್ತಾ’ ಅನ್ನೋದು ಕೇಳಲ್ಲ, ಯಾಕಂದ್ರೆ ಮಾಡೋದು ನನ್ನ ಕೈಲಿದೆ. ಇನ್ನೊಬ್ಬರ ಮನಸಲ್ಲಿ ಏನಿದೆ ಅಂತ ಕೇಳಲ್ಲ. ಕಾಯಿಲೆ ವಿಷಯಕ್ಕಂತೂ ಡೆಕ್ ಮುಟ್ಟಲ್ಲ, ಡಾಕ್ಟರ್ ಹತ್ರ ಹೋಗ್ಬೇಕಾದ್ದು ಅದು.

ಇನ್ನು ನಿಮ್ ವಿಷಯ. ‘ಬಿಡ್ಲಾ’ ಅಂತ ಕೇಳಿದ್ರಿ, ಬಿಟ್ಟು ಹೋಗ್ತಿರೋನು ಬಂದ, ನನ್ನ ಪ್ರಕಾರ ಅದು ಹೌದು, ಅದೇ ಪ್ರಶ್ನೆ ಮತ್ತೆ ಕೇಳ್ಬೇಡಿ. ಬದಲಿಗೆ ಕಾರ್ಡಲ್ಲಿ ಮೇಲಿನ ಸಾಲು ನೋಡಿ, ಮೂರು ಬಟ್ಟಲ ಮಧ್ಯೆ ಒಂದು ಖಾಲಿ ಜಾಗ ಬಿಟ್ಟಿದಾರೆ, ಒಂದು ಬಟ್ಟಲು ಕಮ್ಮಿ ಇದ್ದಂಗೆ ಕಾಣುತ್ತೆ. ನಿಮ್ ಕೆಲಸದಲ್ಲಿ ಆ ಇಲ್ಲದೇ ಇರೋದು ಯಾವುದು, ಸಂಬಳನಾ, ಮ್ಯಾನೇಜರ್ ಕೊಡೋ ಮರ್ಯಾದೆನಾ, ದಿನಾ ಸಿಲ್ಕ್ ಬೋರ್ಡ್ ದಾಟೋಕೆ ಹೋಗೋ ಎರಡು ಗಂಟೆನಾ, ಅದನ್ನ ಬರೆದಿಡಿ, ಹೊಸ ಕಡೆ ಇಂಟರ್‌ವ್ಯೂಗೆ ಹೋದಾಗ ಅದನ್ನೇ ಮೊದ್ಲು ವಿಚಾರಿಸಿ. ಕೇಳ್ಲೇಬೇಕು ಅನ್ಸಿದ್ರೆ ‘ಈ ತಿಂಗಳು ಪೇಪರ್ ಹಾಕ್ಲಾ’ (ರಾಜೀನಾಮೆ ಕೊಡ್ಲಾ) ಅಂತ ಷರತ್ತು ಬರೆದು ಒಂದೇ ಒಂದು ಕಾರ್ಡ್ ತೆಗೀರಿ. ಅದಕ್ಕೆ ತುಂಬಾ ಶುಭ ಅನ್ನೋ ಸೂರ್ಯನ ಕಾರ್ಡೇ ಬಂದ್ರೂ, ಆಫರ್ ಲೆಟರ್ ಕೈಗೆ ಸಿಗೋವರೆಗೂ ಪೇಪರ್ ಮಾತ್ರ ಹಾಕ್ಬೇಡಿ.