ಓದುಗರ ಪ್ರಶ್ನೆ: ಎಪಿಐ ಟೆಸ್ಟಿಂಗ್ ಕಲಿಯಲು ಮನೆಯಲ್ಲೇ ಒಂದು ಸರ್ವರ್

ಪ್ರಶ್ನೆ: ಬಿಸಿಎ ಮುಗಿದಿದೆ, ಮ್ಯಾನುವಲ್ ಟೆಸ್ಟಿಂಗ್ ಗೊತ್ತು. ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರ ಜತೆ ಮಾತಾಡುವ ದಾರಿ) ಆಟೊಮೇಷನ್ ಕಲಿಯಬೇಕು. ಒಬ್ಬರು ಜಾವಾ ಅನ್ನುತ್ತಾರೆ, ಇನ್ನೊಬ್ಬರು ನೋಡ್ (ಜಾವಾಸ್ಕ್ರಿಪ್ಟ್), ಮತ್ತೊಬ್ಬರು ಡಾಕರ್ (ಪ್ರೋಗ್ರಾಂಗಳನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸುವ ಸಾಧನ). ಮಳೆಗಾಲದಲ್ಲಿ ನಮ್ಮಲ್ಲಿ ನೆಟ್ ನಂಬುವ ಹಾಗಿಲ್ಲ. ಎಲ್ಲಿಂದ ಶುರು ಮಾಡಲಿ?
– ಓದುಗರೊಬ್ಬರು, ಕಾರ್ಕಳ

ಮೂರನ್ನೂ ಒಟ್ಟಿಗೆ ಹಾಕಿಕೊಂಡರೆ ಇನ್‌ಸ್ಟಾಲ್ ಮಾಡುವುದರಲ್ಲೇ ಆಟಿ ತಿಂಗಳು ಕಳೆದೀತು. ಪೈಥಾನ್ ಒಂದೇ ಸಾಕು. ಸರ್ವರ್ ಕೂಡ ಅದರಲ್ಲೇ, ಪರೀಕ್ಷೆಯೂ ಅದರಲ್ಲೇ. ಎರಡೂ ನಿಮ್ಮ ಲ್ಯಾಪ್‌ಟಾಪಿನಲ್ಲೇ ಇದ್ದರೆ ನೆಟ್ ಹೋದರೂ ಅಭ್ಯಾಸ ನಿಲ್ಲುವುದಿಲ್ಲ.

ವಿಂಡೋಸ್‌ನಲ್ಲಿ ಪೈಥಾನ್ ಹಾಕುವಾಗ ಮೊದಲ ಪರದೆಯ ಕೆಳಗಿರುವ 'ಪಾತ್‌ಗೆ ಸೇರಿಸು' ಚೌಕಕ್ಕೆ ಟಿಕ್ ಹಾಕಿ. ಮರೆತರೆ ಪೈಥಾನ್ ಎಂದು ಟೈಪ್ ಮಾಡಿದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ. ಆಮೇಲೆ ಒಂದು ಫೋಲ್ಡರ್, ಅದರೊಳಗೆ ವೆನ್ವ್ ಬಳಸಿ ಪ್ರತ್ಯೇಕ ಪರಿಸರ. ಪವರ್‌ಶೆಲ್‌ನಲ್ಲಿ ಅದನ್ನು ಚಾಲೂ ಮಾಡುವಾಗ 'ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ' ಎಂಬ ಕೆಂಪು ಸಾಲು ಬಂದರೆ ತಲೆಕೆಡಿಸಿಕೊಳ್ಳಬೇಡಿ, ಹಳೆಯ ಕಮಾಂಡ್ ಪ್ರಾಂಪ್ಟ್ ತೆರೆದು ಅಲ್ಲಿ ಮಾಡಿ. ನೆಟ್ ಇರುವಾಗಲೇ ಪಿಪ್‌ನಿಂದ ಮೂರು ಪ್ಯಾಕೇಜ್ ಇಳಿಸಿಕೊಳ್ಳಿ: ಫಾಸ್ಟ್‌ಎಪಿಐ (ಸರ್ವರ್ ಬರೆಯಲು), ರಿಕ್ವೆಸ್ಟ್ಸ್ (ಅದಕ್ಕೆ ಕರೆ ಕಳಿಸಲು), ಪೈಟೆಸ್ಟ್ (ಟೆಸ್ಟ್ ಓಡಿಸಲು). ಫಾಸ್ಟ್‌ಎಪಿಐ ಹೆಸರಿಗೆ ಅಂಟಿಸಿ ಚೌಕ ಆವರಣದಲ್ಲಿ 'ಸ್ಟ್ಯಾಂಡರ್ಡ್' ಎಂದು ಬರೆಯಬೇಕು. ಅದಿಲ್ಲದಿದ್ದರೆ ಸರ್ವರ್ ಚಾಲೂ ಮಾಡುವ 'ಫಾಸ್ಟ್‌ಎಪಿಐ ಡೆವ್' ಆಜ್ಞೆ ಓಡುವುದಿಲ್ಲ.

ಇನ್ನು ಸರ್ವರ್. ಧಕ್ಕೆಯ (ಮೀನು ಬಂದರಿನ) ಮೀನಿನ ದರಪಟ್ಟಿಯನ್ನೇ ವಿಷಯ ಮಾಡಿಕೊಳ್ಳಿ: ಬಂಗುಡೆ, ಭೂತಾಯಿ, ಅಂಜಲ್, ಕಾಣೆ. ಪ್ರತಿಯೊಂದಕ್ಕೂ ಹೆಸರು, ಕಿಲೋ ದರ, ಎಷ್ಟು ಕಿಲೋ ಇದೆ. ಪಟ್ಟಿ ನೋಡಲು, ಒಂದನ್ನು ನೋಡಲು, ಸೇರಿಸಲು, ಅಳಿಸಲು ನಾಲ್ಕು ದಾರಿ (ಸರ್ವರನ್ನು ಕರೆಯುವ ವಿಳಾಸ) ಬರೆದರೆ ಐವತ್ತು-ಅರುವತ್ತು ಸಾಲು ಆದೀತು. ಡೇಟಾಬೇಸ್ ಸದ್ಯಕ್ಕೆ ಬೇಡ, ಒಂದು ಡಿಕ್ಷನರಿ ಸಾಕು. ದರ ಸೊನ್ನೆಗಿಂತ ಹೆಚ್ಚಿರಬೇಕು ಎಂಬ ನಿಯಮ ಹಾಕಿ, ಆಮೇಲೆ ಮೈನಸ್ ದರ ಕಳಿಸಿ ನೋಡಿ. 422 ('ಮಾಹಿತಿ ನಿಯಮಕ್ಕೆ ಹೊಂದುವುದಿಲ್ಲ' ಎನ್ನುವ ಸ್ಟೇಟಸ್ ಕೋಡ್) ಬರಬೇಕು.

ಇಲ್ಲಿ ಎರಡು ಕಡೆ ಎಡವುತ್ತೀರಿ. ಹೊಸ ಮೀನು ಸೇರಿಸಿದಾಗ 201 ('ಹೊಸದು ಸೃಷ್ಟಿಯಾಯಿತು') ಬರುತ್ತದೆ ಎಂದು ಪುಸ್ತಕ ಓದಿದವರು ಕಾಯುತ್ತಾರೆ, ಬರುವುದು 200 ('ಸರಿ'). ಸ್ಟೇಟಸ್ ಕೋಡನ್ನು ನೀವೇ ಬರೆದು ಹೇಳದಿದ್ದರೆ ಫಾಸ್ಟ್‌ಎಪಿಐ ಕೊಡುವುದು ಅದನ್ನೇ. ಇನ್ನೊಂದು, ದರವನ್ನು ಉದ್ಧರಣ ಚಿಹ್ನೆಯೊಳಗೆ "250" ಎಂದು ಪಠ್ಯವಾಗಿ ಕಳಿಸಿದರೂ ಅದು ಒಪ್ಪಿಕೊಂಡು ಸಂಖ್ಯೆ ಮಾಡಿಬಿಡುತ್ತದೆ. ಇದು ದೋಷವೋ ಸೌಕರ್ಯವೋ ಎಂದು ತೀರ್ಮಾನಿಸುವುದೇ ಟೆಸ್ಟರ್ ಕೆಲಸ. ಬೇಡ ಎಂದಾದರೆ ದರದ ನಿಯಮದಲ್ಲಿ ಸ್ಟ್ರಿಕ್ಟ್ ಎಂದು ಹಾಕಿ.

ಹೆಸರಿನ ಉದ್ದಕ್ಕೆ ಮಿತಿ ಇಟ್ಟು ಕನ್ನಡದಲ್ಲೇ ಪರೀಕ್ಷಿಸಿ. 'ಬಂಗುಡೆ' ಕಣ್ಣಿಗೆ ಮೂರೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಆರು, ಯುಟಿಎಫ್-8ರಲ್ಲಿ 18 ಬೈಟ್. ಮಿತಿ ಐದು ಎಂದಿಟ್ಟರೆ ನಮ್ಮ ಬಂಗುಡೆಗೆ ಪ್ರವೇಶವಿಲ್ಲ! ಇಂಗ್ಲಿಷ್ ಹೆಸರುಗಳಲ್ಲೇ ಪರೀಕ್ಷಿಸಿದವರಿಗೆ ಇದು ಕಾಣುವುದೇ ಇಲ್ಲ.

ಸರ್ವರ್ ಓಡುತ್ತಿರುವಾಗ 8000ನೇ ಪೋರ್ಟ್‌ನಲ್ಲಿ 'ಡಾಕ್ಸ್' ಪುಟ ತೆರೆದರೆ ಎಲ್ಲ ದಾರಿಗಳೂ ಕಾಣುತ್ತವೆ, ಅಲ್ಲೇ ಒತ್ತಿ ನೋಡಬಹುದು. ನೆಟ್ ಇಲ್ಲದಾಗ ಈ ಪುಟ ಮಾತ್ರ ಖಾಲಿ ಬರಬಹುದು, ಏಕೆಂದರೆ ಅದರ ಸ್ಕ್ರಿಪ್ಟ್ ಹೊರಗಿನಿಂದ ಬರುತ್ತದೆ. ಸರ್ವರ್ ಕೆಟ್ಟಿದೆ ಎಂದುಕೊಳ್ಳಬೇಡಿ, ಪರೀಕ್ಷೆಗಳು ಎಂದಿನಂತೆ ಓಡುತ್ತವೆ.

ಪ್ರಶ್ನೆ: ಟೆಸ್ಟ್‌ಗಳನ್ನು ಒಂದೊಂದೇ ಓಡಿಸಿದರೆ ಪಾಸ್, ಒಟ್ಟಿಗೆ ಓಡಿಸಿದರೆ ಫೇಲ್. ಕೆಲವೊಮ್ಮೆ 'ಕನೆಕ್ಷನ್ ರಿಫ್ಯೂಸ್ಡ್' ಬೇರೆ. ಪ್ರತಿ ಕರೆಗೂ ಎರಡು ಸೆಕೆಂಡ್ ಹಿಡಿಯುತ್ತದೆ.
– ವಿದ್ಯಾರ್ಥಿನಿ, ಸುರತ್ಕಲ್

ಮೂರು ಕಾಯಿಲೆ, ಮೂರು ಮದ್ದು.

ಒಂದು ಟೆಸ್ಟ್ ಅಂಜಲನ್ನು ಅಳಿಸಿ ಹೋಗಿದೆ, ಮುಂದಿನದು ಅದನ್ನೇ ಹುಡುಕುತ್ತಿದೆ. ಅಭ್ಯಾಸದ ಸರ್ವರ್‌ನಲ್ಲಿ 'ರೀಸೆಟ್' ಎಂಬ ದಾರಿ ಇಡಿ. ಅದನ್ನು ಕರೆದಾಗ ಪಟ್ಟಿ ಮೊದಲಿನ ನಾಲ್ಕು ಮೀನಿಗೆ ಮರಳಬೇಕು. ಪೈಟೆಸ್ಟ್‌ನಲ್ಲಿ ಒಂದು ಫಿಕ್ಸ್‌ಚರ್ (ಟೆಸ್ಟಿನ ಪೂರ್ವಸಿದ್ಧತೆ) ಬರೆದು, ಅದರಲ್ಲಿ ರೀಸೆಟ್ ಕರೆದು, ಆಟೊಯೂಸ್ ಕೊಟ್ಟರೆ ಪ್ರತಿ ಟೆಸ್ಟಿಗೆ ಮುಂಚೆ ತಾನೇ ಕರೆಯುತ್ತದೆ. ಟೆಸ್ಟ್‌ಗಳನ್ನು ಕ್ರಮದಲ್ಲಿ ಜೋಡಿಸಿ ಪಾರಾಗುವ ಉಪಾಯ ಬೇಡ, ಒಂದು ಮುರಿದರೆ ಅದರ ನಂತರದ ಹತ್ತೂ ಬೀಳುತ್ತವೆ.

ಸಂಪರ್ಕ ತಪ್ಪಲು ಫೋಲ್ಡರ್ ಕಾರಣವಾಗಿರಬಹುದು. ಡೆವ್ ಆಜ್ಞೆ ತಾನಿರುವ ಫೋಲ್ಡರಿನ ಪೈಥಾನ್ ಫೈಲ್‌ಗಳನ್ನು ಕಾಯುತ್ತಿರುತ್ತದೆ. ಟೆಸ್ಟ್ ಫೈಲೂ ಅಲ್ಲೇ ಇದ್ದರೆ ಅದನ್ನು ಸೇವ್ ಮಾಡಿದಾಗಲೂ ಸರ್ವರ್ ಮರುಚಾಲೂ ಆಗುತ್ತದೆ, ಆ ಕ್ಷಣದಲ್ಲಿ ಬಂದ ಕರೆ ತಪ್ಪಬಹುದು. ಡಿಕ್ಷನರಿಯ ಮಾಹಿತಿಯೂ ಹೋಗುತ್ತದೆ. ಸರ್ವರ್‌ಗೊಂದು, ಟೆಸ್ಟ್‌ಗೊಂದು ಫೋಲ್ಡರ್ ಮಾಡಿ, ಎರಡು ಕಿಟಕಿಯಲ್ಲಿ ಓಡಿಸಿ.

ಎರಡು ಸೆಕೆಂಡ್ ವಿಂಡೋಸ್‌ನ ಕಥೆ. 'ಲೋಕಲ್‌ಹೋಸ್ಟ್' (ನಿಮ್ಮದೇ ಕಂಪ್ಯೂಟರಿನ ಹೆಸರು) ಎಂದು ಬರೆದರೆ ಅದು ಮೊದಲು ಐಪಿವಿ6 ವಿಳಾಸ ತಟ್ಟುತ್ತದೆ, ಅಲ್ಲಿ ಯಾರೂ ಇಲ್ಲದೆ ಐಪಿವಿ4ಕ್ಕೆ ಬರುತ್ತದೆ. ವಿಳಾಸದಲ್ಲಿ ನೇರವಾಗಿ 127.0.0.1 ಬರೆಯಿರಿ. ರಿಕ್ವೆಸ್ಟ್ಸ್‌ಗೆ ತಾನಾಗಿ ಸಮಯದ ಮಿತಿ ಇಲ್ಲ, ಆದ್ದರಿಂದ ಪ್ರತಿ ಕರೆಗೂ ಐದು ಸೆಕೆಂಡ್ ಟೈಮ್‌ಔಟ್ ಕೊಡಿ.

ನೀವು ಕೇಳದ ಒಂದು ಮಾತು. ಸರ್ವರ್ 500 (ಸರ್ವರಿನದೇ ದೋಷ) ಕೊಟ್ಟರೂ ರಿಕ್ವೆಸ್ಟ್ಸ್ ತಾನಾಗಿ ದೂರು ಹೇಳುವುದಿಲ್ಲ. ಅಸರ್ಟ್ (ಉತ್ತರ ಸರಿಯೇ ಎಂದು ಹೋಲಿಸುವ ಸಾಲು) ಇಲ್ಲದ ಟೆಸ್ಟ್ ಆಗಲೂ ಹಸಿರು, ಅಂದರೆ ಪಾಸ್. ಹೊಸ ಟೆಸ್ಟ್ ಬರೆದಾಗಲೆಲ್ಲ ನಿರೀಕ್ಷಿತ ದರವನ್ನು ಬೇಕೆಂದೇ ತಪ್ಪು ಮಾಡಿ, ಅದು ಕೆಂಪಾಗುವುದನ್ನು ನೋಡಿಯೇ ಸರಿಪಡಿಸಿ.

ಪ್ರಶ್ನೆ: ಜೆಸನ್‌ಪ್ಲೇಸ್‌ಹೋಲ್ಡರ್‌ನಲ್ಲಿ (ಅಭ್ಯಾಸಕ್ಕಿರುವ ಆನ್‌ಲೈನ್ ಎಪಿಐ) ಹೊಸ ಪೋಸ್ಟ್ ಸೇರಿಸಿದರೆ 201, ಐಡಿ 101. ಅದೇ ಐಡಿ ಕೇಳಿದರೆ 404 ('ಸಿಗಲಿಲ್ಲ'). ತಪ್ಪು ನನ್ನದೇ?
– ಓದುಗರೊಬ್ಬರು, ಮಂಗಳೂರು

ಅಲ್ಲ. ಅಲ್ಲಿ ಇರುವುದು 100 ಪೋಸ್ಟ್, ಹೊಸದು ಉಳಿಯುವುದೇ ಇಲ್ಲ, ಉಳಿದಂತೆ ಉತ್ತರ ಬರುತ್ತದೆ ಅಷ್ಟೆ. ಓದುವ ಕರೆಗಳ ಅಭ್ಯಾಸಕ್ಕೆ ಚೆನ್ನಾಗಿದೆ. ಬರೆದು, ಓದಿ, ಅಳಿಸುವ ಸರಪಳಿಗೆ ಆಗದು. ಆ ಸರಪಳಿ, ಜತೆಗೆ ಟೋಕನ್ (ಲಾಗಿನ್ ಆದವರಿಗೆ ಸಿಗುವ ಗುರುತು) ಬೇಕೆಂದರೆ ರೆಸ್ಟ್‌ಫುಲ್ ಬುಕರ್ ಎಂಬ ಇನ್ನೊಂದು ಅಭ್ಯಾಸದ ಎಪಿಐ ಇದೆ. ಅದು ಹತ್ತು ನಿಮಿಷಕ್ಕೊಮ್ಮೆ ತನ್ನ ಮಾಹಿತಿಯನ್ನು ಮೊದಲಿನಂತೆ ಮಾಡಿಕೊಳ್ಳುತ್ತದೆ, ಹಾಗಾಗಿ ನಿಮ್ಮ ಬುಕಿಂಗ್ ಐಡಿಯನ್ನು ಟೆಸ್ಟ್‌ನೊಳಗೆ ಬರೆದಿಡಬೇಡಿ. ಅಳಿಸಿದಾಗ 201 ಕೊಡುತ್ತದೆ. ಅದರಲ್ಲಿ ದೋಷಗಳನ್ನು ಬೇಕೆಂದೇ ಇಟ್ಟಿದ್ದಾರೆ, ಹುಡುಕುವುದು ನಿಮಗೆ ಬಿಟ್ಟದ್ದು.

ಪ್ರಶ್ನೆ: 8 ಜಿಬಿ ರ್‍ಯಾಮ್‌ನಲ್ಲಿ ಡಾಕರ್ ಹಾಕಬಹುದೇ?
– ಓದುಗರೊಬ್ಬರು, ಕುಂದಾಪುರ

ಹಾಕಬಹುದು, ಈಗಲೇ ಅಗತ್ಯವಿಲ್ಲ. ವಿಂಡೋಸ್‌ನಲ್ಲಿ ಅದು ಬಳಸುವ ಡಬ್ಲ್ಯುಎಸ್‌ಎಲ್2 (ವಿಂಡೋಸ್‌ನೊಳಗೆ ಓಡುವ ಲಿನಕ್ಸ್) ಮಿತಿ ಹಾಕದಿದ್ದರೆ ಅರ್ಧ ಮೆಮೊರಿಯವರೆಗೂ ಹಿಡಿದುಕೊಳ್ಳಬಲ್ಲದು. ಬ್ರೌಸರ್, ಎಡಿಟರ್ ಸೇರಿದರೆ ಲ್ಯಾಪ್‌ಟಾಪ್ ತೆವಳುತ್ತದೆ. ಡೇಟಾಬೇಸ್ ಬೇಕೆನಿಸಿದ ದಿನ ಪೈಥಾನ್ ಜತೆಗೇ ಬರುವ ಎಸ್‌ಕ್ಯುಲೈಟ್ ಬಳಸಿ.