ವಾಲ್ವ್ ಆಂಪ್ಲಿಫೈಯರ್‌ನ ಧ್ವನಿಯನ್ನು ಈಕ್ವಲೈಜರ್‌ನಿಂದ ಪಡೆಯಬಹುದೇ?

ಮನೆಯಲ್ಲಿರುವ ಹಳೆಯ ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಆಂಪ್ಲಿಫೈಯರ್‌ನ ಧ್ವನಿಯನ್ನು ಹೊಸ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಲ್ಲಿ ಈಕ್ವಲೈಜರ್ (ಬೇರೆ ಬೇರೆ ಫ್ರೀಕ್ವೆನ್ಸಿಗಳ ಮಟ್ಟವನ್ನು ಏರಿಸಿ ಇಳಿಸುವ ಸಾಧನ) ಬಳಸಿ ಪಡೆಯಲು ಸಾಧ್ಯವೇ ಎಂದು ಕೇಳಿದ್ದೀರಿ. ಕಲಬುರಗಿಯಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುತ್ತ, ಜಾತ್ರೆ, ಭಜನೆಗಳಿಗೆ ಮೈಕ್‌ಸೆಟ್ ಒದಗಿಸುತ್ತ ಬಂದಿರುವ ನನ್ನ ಅಭಿಪ್ರಾಯದಲ್ಲಿ, ಮಿತವಾದ ವಾಲ್ಯೂಮ್‌ನಲ್ಲಿ ಕೇಳುವುದಾದರೆ ಅದು ಬಹುಮಟ್ಟಿಗೆ ಸಾಧ್ಯ. ಆದರೆ ಆ ಸೆಟ್ಟಿಂಗ್ ನಿಮ್ಮ ಸ್ಪೀಕರ್‌ಗೆ ಮಾತ್ರ ಹೊಂದುತ್ತದೆ. ಬೇರೆಯವರದನ್ನು ಹಾಗೆಯೇ ಇಳಿಸಿಕೊಂಡರೆ ಪ್ರಯೋಜನವಿಲ್ಲ.

ಹಿಂಬದಿಯಲ್ಲಿ 8 ಓಮ್ ಎಂದು ಬರೆದಿರುವ ಸ್ಪೀಕರ್‌ನ ಇಂಪೀಡೆನ್ಸ್ (ವಿದ್ಯುತ್ ಹರಿವಿಗೆ ಅದು ಒಡ್ಡುವ ತಡೆ) ಎಲ್ಲ ಫ್ರೀಕ್ವೆನ್ಸಿಗಳಲ್ಲಿ 8 ಓಮ್ ಇರುವುದಿಲ್ಲ. ಎಲ್ಲೋ 6ಕ್ಕೆ ಇಳಿದು, ಬಾಸ್ ರೆಸೊನೆನ್ಸ್ (ಸ್ಪೀಕರ್ ತಾನಾಗಿಯೇ ಹೆಚ್ಚು ಕಂಪಿಸುವ ತಗ್ಗು ಫ್ರೀಕ್ವೆನ್ಸಿ) ಇರುವಲ್ಲಿ 30ಕ್ಕೆ ಏರಬಹುದು. ವಾಲ್ವ್ ಆಂಪ್ಲಿಫೈಯರ್‌ನ ಔಟ್‌ಪುಟ್ ಇಂಪೀಡೆನ್ಸ್ 2 ಓಮ್ ಎಂದಿಟ್ಟುಕೊಂಡರೆ, 6 ಓಮ್ ಇರುವಲ್ಲಿ ಸ್ಪೀಕರ್‌ಗೆ ಮುಕ್ಕಾಲು ಭಾಗ ವೋಲ್ಟೇಜ್ ಮಾತ್ರ ತಲುಪುತ್ತದೆ, 30 ಓಮ್ ಇರುವಲ್ಲಿ ಶೇಕಡಾ 94ರಷ್ಟು ತಲುಪುತ್ತದೆ. ಇವೆರಡರ ಅಂತರ ಸುಮಾರು 2 ಡೆಸಿಬಲ್. ಔಟ್‌ಪುಟ್ ಇಂಪೀಡೆನ್ಸ್ 0.1 ಓಮ್ ಇರುವ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಲ್ಲಿ ಅದೇ ಅಂತರ 0.1 ಡೆಸಿಬಲ್‌ನಷ್ಟಿರುತ್ತದೆ. ಜನರು ವಾಲ್ವಿನ ‘ತುಂಬು ಧ್ವನಿ’ ಎನ್ನುವುದರಲ್ಲಿ ಈ 2 ಡೆಸಿಬಲ್‌ನ ಪಾಲು ದೊಡ್ಡದು, ಮತ್ತು ಇದು ಈಕ್ವಲೈಜರ್‌ನ ಕೈಗೆ ಸಿಗುವಂಥದ್ದು.

ಈ ವ್ಯತ್ಯಾಸವನ್ನು ಸ್ಪೀಕರ್ ಜೋಡಿಸಿಯೇ ಅಳೆಯಬೇಕು. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ಲಿಫೈಯರ್ ಚಾಲೂ ಮಾಡಿ ಸಿಗ್ನಲ್ ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುವ ಅಪಾಯವಿದೆ. ಸಾಮಾನ್ಯ ಮಲ್ಟಿಮೀಟರ್ ಹೆಚ್ಚಿನ ಫ್ರೀಕ್ವೆನ್ಸಿಗಳಲ್ಲಿ ತಪ್ಪು ತೋರಿಸುವುದರಿಂದ, ಸ್ಪೀಕರ್ ಟರ್ಮಿನಲ್‌ಗಳ ವೋಲ್ಟೇಜನ್ನು ಎರಡು ರೆಸಿಸ್ಟರ್‌ಗಳ ಡಿವೈಡರ್ ಮೂಲಕ ತಗ್ಗಿಸಿ ಸೌಂಡ್ ಕಾರ್ಡ್‌ಗೆ ಕೊಟ್ಟು, ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಎರಡೂ ಆಂಪ್ಲಿಫೈಯರ್‌ಗಳ ಗ್ರಾಫ್ ತೆಗೆಯಿರಿ. ಆಂಪ್ಲಿಫೈಯರ್ ಬ್ರಿಡ್ಜ್ ಮಾದರಿಯದಾಗಿದ್ದರೆ, ಅಂದರೆ ಸ್ಪೀಕರ್‌ನ ಎರಡೂ ತಂತಿಗಳಿಗೆ ಸಿಗ್ನಲ್ ಕೊಡುವಂಥದ್ದಾಗಿದ್ದರೆ, ಅದರ ಯಾವ ಟರ್ಮಿನಲ್ಲೂ ಗ್ರೌಂಡ್ ಆಗಿರುವುದಿಲ್ಲ, ಸೌಂಡ್ ಕಾರ್ಡನ್ನು ನೇರವಾಗಿ ಜೋಡಿಸಕೂಡದು. ಎರಡು ಗ್ರಾಫ್‌ಗಳ ವ್ಯತ್ಯಾಸವೇ ನಿಮಗೆ ಬೇಕಾದ ಕರ್ವ್. ವಿಂಡೋಸ್ ಕಂಪ್ಯೂಟರ್‌ನಲ್ಲಿ ಈಕ್ವಲೈಜರ್ ಎಪಿಒ ಎಂಬ ಸಾಫ್ಟ್‌ವೇರ್ ಅದನ್ನು ಅಳವಡಿಸುತ್ತದೆ. 2 ಡೆಸಿಬಲ್ ಏರಿಸಿದಲ್ಲಿ ಸುಮಾರು 1.6 ಪಟ್ಟು ಪವರ್ ಬೇಕಾಗುವುದರಿಂದ ಅದರಲ್ಲಿರುವ ಪ್ರಿಆಂಪ್ ಮಟ್ಟವನ್ನು 2 ಡೆಸಿಬಲ್ ಇಳಿಸಿ.

ಧ್ವನಿ ಜೋರಾದಂತೆ ಬದಲಾಗುವ ಗುಣ ಮಾತ್ರ ಈಕ್ವಲೈಜರ್‌ಗೆ ಸಿಗುವುದಿಲ್ಲ. ಒಂದೇ ಫ್ರೀಕ್ವೆನ್ಸಿಯ ಶುದ್ಧ ಸ್ವರಕ್ಕೆ ವಾಲ್ವ್ ಸೇರಿಸುವ ಎರಡನೆಯ ಹಾರ್ಮೋನಿಕ್ (ಅದರ ಎರಡು ಪಟ್ಟು ಫ್ರೀಕ್ವೆನ್ಸಿಯ ಸ್ವರ) ಮೂಲದಲ್ಲಿ ಇಲ್ಲದ ಅಂಶ. ಇರುವುದನ್ನು ಏರಿಸಿ ಇಳಿಸುವ ಉಪಕರಣ ಅದನ್ನು ಹುಟ್ಟಿಸಲಾರದು. 1985ರಲ್ಲಿ ಅಮೆರಿಕದ ಆಂಪ್ಲಿಫೈಯರ್ ತಯಾರಕ ಬಾಬ್ ಕಾರ್ವರ್ ಅವರು ಸ್ಟೀರಿಯೊಫೈಲ್ ಎಂಬ ಆಡಿಯೊ ಪತ್ರಿಕೆಯವರ ಮುಂದೆ ತಮ್ಮ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಅನ್ನು ದುಬಾರಿ ಆಂಪ್ಲಿಫೈಯರ್‌ಗೆ ಸರಿಹೊಂದಿಸಿದಾಗ ಸರ್ಕ್ಯೂಟನ್ನೇ ತಿದ್ದಿದ್ದರು. ಎರಡರ ಔಟ್‌ಪುಟ್ ಕಳೆದು ಉಳಿದ ವ್ಯತ್ಯಾಸವನ್ನು ಕೇಳುತ್ತ ಅವರು ಆ ಕೆಲಸ ಮಾಡಿದರು.

ಹೋಲಿಸಿ ಕೇಳುವಾಗ ಎರಡರ ಮಟ್ಟವನ್ನು 0.1 ಡೆಸಿಬಲ್‌ನೊಳಗೆ ಸಮಗೊಳಿಸಿ, ಏಕೆಂದರೆ ತುಸು ಜೋರಾಗಿರುವುದೇ ಚೆನ್ನಾಗಿದೆ ಎನ್ನಿಸುತ್ತದೆ. ಕರ್ವ್ ಸಿದ್ಧವಾದರೆ ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳಲ್ಲಿ ಆ ಬಿಸಿ ವಾಲ್ವುಗಳನ್ನು ಉರಿಸದೆಯೇ ಕೇಳಬಹುದು.